ಹಿಡಿ ಬಿಟ್ಟ ಹೂಜಿಗಳು

ಮಳೆಗಾಲ ಹಿಂದೆ ಸರಿದು ಬಿಸಿಲು ಗಟ್ಟಿಯಾಗಿತ್ತು. ಚಪ್ಪರದ ಕೆಳಗೆ ಅಮ್ಮ ಬೆಳಗಿನಿಂದಲೇ ಮಡಕೆ ಮಾಡುವ ತಿಗರಿ ತಿರುಗಿಸುತ್ತಿದ್ದಳು. ಒಣಗಲು ಸಾಲಾಗಿ ಇಟ್ಟಿದ್ದ ಹೂಜಿಗಳಲ್ಲಿ ಒಂದನ್ನು ಚಿಕ್ಕಮ್ಮ ಎತ್ತಿದಳು. ಹಿಡಿ ಅವಳ ಕೈಯಲ್ಲೇ ಉಳಿಯಿತು. ಹೂಜಿ ಕೆಳಗೆ ಬಿತ್ತು.

"ಅಕ್ಕಾ, ಇದೂ ಹೋಯ್ತು! ಹನ್ನೊಂದನೇದು!"

ಅಮ್ಮ ಎದ್ದು ಬಂದು ಹಿಡಿಯನ್ನು ಮೂಸಿದಳು. "ಮಣ್ಣಿಗೆ ಗುಲಾಬಿ ವಾಸನೆ ಯಾವಾಗಿಂದ ಬಂತೇ?"

ಸ್ಕೂಲ್ ಬ್ಯಾಗ್ ಹೆಗಲಿಗೇರಿಸುತ್ತಿದ್ದ ಮಗಳು ಅಲ್ಲೇ ನಿಂತಳು. ಸಣ್ಣಗೆ, ಉದ್ದುದ್ದ ಕಾಲಿನವಳು. ಮನೆಯವರೆಲ್ಲ ಅವಳನ್ನು ಮಿಡತೆ ಎನ್ನುತ್ತಿದ್ದರು. ಹಿಡಿ ಕೂರಿಸುವ ಕೆಲಸ ಅವಳದು.

"ಕೈಗೆ ಕ್ರೀಮ್ ಹಚ್ಕೊಂಡಿದ್ದೆ."

"ಜಿಡ್ಡು ಕೈಲಿ ಕೂರಿಸಿದ್ರೆ ಮಣ್ಣು ಮಣ್ಣಿಗೆ ಕಚ್ಚುತ್ತೇನೇ? ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಆದರೂ ಹಚ್ಚಿಕೊಂಡಿದ್ದಳು.

ಕ್ಲಾಸಿನಲ್ಲಿ ಹತ್ತು ಸಲ ಕರೆದರೆ ಒಂದು ಸಲ ಬಾಯಿ ಬಿಡುವ ಮಿಡತೆ, ಚಿಕ್ಕಮ್ಮ ಫೋನಿನಿಂದ ನೆಟ್ಟಿಗೆ ಹಾಕುವ ವಿಡಿಯೋಗಳಲ್ಲಿ 'ಮಣ್ಣಿನ ಮಹಾರಾಣಿ'. ಅಲ್ಲಿ ಮುಖ ಇಲ್ಲ, ಮಾತಿಲ್ಲ. ಎರಡು ಕೈ, ಒಂದು ಮುದ್ದೆ ಮಣ್ಣು. ಅಷ್ಟಕ್ಕೇ ಸಾವಿರ ಜನ ಭೇಷ್ ಅನ್ನುತ್ತಿದ್ದರು. ಸ್ಕೂಲಿನಲ್ಲಿ ಯಾರಿಗೂ ಸುಳಿವಿಲ್ಲ.

ಹೋದ ವಾರ 'ಬ್ಲ್ಯಾಕ್ ಟೈಗರ್' ಅನ್ನುವ ಯಾರೋ ಬರೆದರು: "ಇದು ಕೈಯಾ, ಎಮ್ಮೆ ಗೊರಸಾ?" ಅದರ ಕೆಳಗೆ ಹಿಂಡುಗಟ್ಟಲೆ ನಗುವ ಮುಖಗಳು. "ಯಾರಾದ್ರೂ ಸೋಪ್ ಕೊಡ್ರಪ್ಪಾ." "ಆ ಉಗುರು ನೋಡಿ ಊಟ ಸೇರ್ಲಿಲ್ಲ."

ಕ್ರೀಮಿಗೆ ಕಾರಣ ಇದೇ ಎಂದು ಚಿಕ್ಕಮ್ಮ ಈಗ ಅದನ್ನೆಲ್ಲ ಓದಿ ಹೇಳಿದಾಗ ಅಮ್ಮನ ಮೂಗಿನ ತುದಿ ಕೆಂಪಾಯಿತು.

"ಗೊರಸಂತೆ! ಮುಖ ತೋರ್ಸೋಕೆ ಧೈರ್ಯ ಇಲ್ಲ, ಹೆಸರು ಮಾತ್ರ ಹುಲಿ!" ಆಮೇಲೆ ಮಗಳ ಕಡೆ ತಿರುಗಿದಳು. "ಸಂಜೆ ಬಂದು ಹನ್ನೊಂದನ್ನೂ ನೆನೆಹಾಕಿ ನೀನೇ ಮಣ್ಣು ತುಳೀಬೇಕು."

"ಬೈದೋರು ಅವ್ರು. ನಾನ್ಯಾಕೆ ತುಳೀಬೇಕು?"

"ಕ್ರೀಮ್ ಹಚ್ಕೊಂಡಿದ್ದು ಯಾರು? ಅವ್ರಾ?"

ಸಂಜೆ ಸ್ಕೂಲ್ ಬಿಟ್ಟ ಮೇಲೆ ಮಿಡತೆ, ಬೆಂಚಿನ ಗೆಳತಿ ಬಟಾಣಿಯ ಜೊತೆ ಅವಳಮ್ಮನ ಟೈಲರಿಂಗ್ ಅಂಗಡಿಗೆ ಹೋದಳು. ಬಟಾಣಿಯ ಅಮ್ಮ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಬಟಾಣಿ ಅವರ ಫೋನ್ ಎತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಬಂದಳು.

"ಬಾರೇ, ಕಾಮೆಡಿ ತೋರಿಸ್ತೀನಿ."

ಸ್ಕ್ರೀನಿನ ಮೇಲೆ ಮಿಡತೆಯದೇ ಎರಡು ಕೈ.

"ಈ ಗೊರಸು ಕಾಮೆಂಟ್ ಇದ್ಯಲ್ಲ, ನಂದೇ! ಮುನ್ನೂರು ಲೈಕ್! ಯಾರಿಗೂ ಹೇಳ್ಬೇಡ, ಅಮ್ಮಂಗೆ ಗೊತ್ತಾದ್ರೆ ಚರ್ಮ ಸುಲೀತಾಳೆ."

ಮಿಡತೆಯ ಕಿವಿ ಬಿಸಿಯಾಯಿತು. ತನ್ನ ಎರಡೂ ಕೈಗಳನ್ನು ಫೋನಿನ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು. ಹೆಬ್ಬೆರಳಿನ ಮೇಲೆ ವಿಡಿಯೋದಲ್ಲಿದ್ದ ಅದೇ ಗಾಯದ ಗೆರೆ. ಉಗುರಿನ ಸಂದಿಯಲ್ಲಿ ಅದೇ ಕೆಮ್ಮಣ್ಣು.

ಬಟಾಣಿ ಫೋನ್ ನೋಡಿದಳು, ಕೈ ನೋಡಿದಳು. ಮತ್ತೆ ಫೋನ್ ನೋಡಿದಳು.

"ಅಯ್ಯೋ... ನೀನಾ? ಯಾರೋ ದೂರದೋರು ಅಂದ್ಕೊಂಡಿದ್ದೆ ಕಣೇ!"

"ದೂರದೋರಿಗೆ ನೋವಾಗಲ್ವಾ?"

"ಎಲ್ರೂ ಬರೀತಾರಪ್ಪ. ಜೋಕ್ ಅಷ್ಟೇ." ಬಟಾಣಿಯ ಬೆರಳು ಸರಸರ ಓಡಿತು. "ತಗೋ, ಡಿಲೀಟ್ ಮಾಡ್ದೆ. ಆಯ್ತಲ್ಲ?"

"ಆಯ್ತಾ?" ಮಿಡತೆಯ ದನಿ ಅವಳಿಗೇ ಗೊತ್ತಿಲ್ಲದಂತೆ ಮೇಲೆ ಹೋಗಿತ್ತು. "ಒಂದು ವಾರ ನಾನು ಕೈ ತೊಳೆದಿದ್ದೇ ತೊಳೆದಿದ್ದು! ಅದನ್ನೂ ಡಿಲೀಟ್ ಮಾಡ್ತೀಯಾ?"

ಮೆಷಿನ್ ನಿಂತಿತು.

"ಏನ್ರೇ ಅದು ಜಗಳ?" ಬಟಾಣಿಯ ಅಮ್ಮ ಕನ್ನಡಕದ ಮೇಲಿಂದ ನೋಡಿದರು.

ಮೇಜಿನ ಕೆಳಗೆ ಬಟಾಣಿ ಮಿಡತೆಯ ಕಾಲು ಮೆಟ್ಟಿದಳು. ಬೇಡ ಕಣೇ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ಎಲ್ಲ ಮಾತೂ ಮಿಡತೆಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಬ್ಯಾಗ್ ಎತ್ತಿಕೊಂಡಳು.

"ನಿಮ್ಮ ಮಗಳು ಹೇಳ್ತಾಳೆ ಆಂಟಿ. ನಂಗೆ ಮನೇಲಿ ಮಣ್ಣು ತುಳಿಯೋ ಕೆಲ್ಸ ಇದೆ."

ಸಿಟ್ಟು ಇಳಿದಿರಲಿಲ್ಲ. ಬಟಾಣಿಯ ಬಾಯಿಂದ ಸಾರಿ ಎಂಬ ಮಾತೂ ಬಂದಿರಲಿಲ್ಲ. ಅದನ್ನು ಅವಳ ಬದಲು ಇನ್ಯಾರಿಂದಲೂ ಹೇಳಲಾಗದು ಎಂದು ನಡೆಯುತ್ತಾ ನಡೆಯುತ್ತಾ ಮಿಡತೆಗೆ ಅನ್ನಿಸಿತು. ಬೀದಿಯ ತಿರುವಿನವರೆಗೂ ಹಿಂದಿನಿಂದ ಮೆಷಿನ್ನಿನ ಸದ್ದು ಮತ್ತೆ ಶುರುವಾಗಲಿಲ್ಲ.