ಹದಿನಾಲ್ಕನೇ ಪುಟದ ಒಪ್ಪಿಗೆ ಪತ್ರ

"ಮೂರನೇ ಸಲ, ಮೇಡಂ!" ಎಂಜಿನಿಯರ್ ಪರವಾನಗಿ ಫೈಲನ್ನು ಬಾಹ್ಯಾಕಾಶ ಇಲಾಖೆಯ ಕಾನೂನು ಅಧಿಕಾರಿಯ ಮೇಜಿನ ಮೇಲಿಟ್ಟ. "ಆಕಾಶದಲ್ಲಿರೋ ಕಸ ಎತ್ತೋದು ಸುಲಭ. ನಿಮ್ಮ ಆಫೀಸಿನ ಮೆಟ್ಟಿಲು ಹತ್ತೋದೇ ಕಷ್ಟ."

ಪಕ್ಕದ ಸೀಟಿನ ಟೈಪಿಸ್ಟ್ ಅಕ್ಕ ಕಿಸಕ್ಕೆಂದಳು. ಕೆಟ್ಟುನಿಂತ ಉಪಗ್ರಹಗಳನ್ನು ಹಿಡಿದು ಕೆಳಗಿಳಿಸುವ ಕಂಪನಿಯವನು ಅವನು. ಆಫೀಸಿನವರೆಲ್ಲ 'ಕಸದ ಸಾಹೇಬ್ರು' ಎಂದೇ ಕರೆಯುತ್ತಿದ್ದರು.

ಕಾನೂನು ಅಧಿಕಾರಿ ತಲೆ ಎತ್ತಲಿಲ್ಲ. ಗಂಡ ತೀರಿಕೊಂಡ ಮೇಲಿನ ಈ ಮೂರು ವರ್ಷಗಳಲ್ಲಿ ಅವಳಿಗೆ ಮಾತು ಕಡಿಮೆಯಾಗಿತ್ತು.

"ಉಪಗ್ರಹ ಸತ್ತರೂ ಅದು ಹಾರಿಸಿದ ದೇಶದ್ದೇ. ಅವರ ಒಪ್ಪಿಗೆ ಪತ್ರ ಇಲ್ಲದೆ ಯಾರೂ ಮುಟ್ಟೋ ಹಾಗಿಲ್ಲ. ಅದನ್ನೇ ಬರೆದು ವಾಪಸ್ ಕಳಿಸಿದ್ದೆ."

"ಹದಿನಾಲ್ಕನೇ ಪುಟ ನೋಡಿ."

ತಿರುವಿದಳು. ಪತ್ರ ಇತ್ತು. ಮೊಹರು, ಸಹಿ, ತಾರೀಖು. ಅಂಚಿನಲ್ಲಿ ಪೆನ್ಸಿಲಿನಲ್ಲಿ 'ನೋಡಿದೆ' ಎಂದಿತ್ತು. ಕಳೆದ ಸಲದ್ದು, ಅವಳದೇ ಅಕ್ಷರ.

ಟೈಪಿಸ್ಟ್ ಅಕ್ಕನ ಕೀಲಿಗಳ ಸದ್ದು ನಿಂತಿತು.

"ಒಂದು ಚುಕ್ಕಿ ತಪ್ಪಿದ್ರೂ ಬಿಡದವರು ನೀವು," ಅವನ ದನಿ ತಗ್ಗಿತು. ತುಟಿಯವರೆಗೆ ಬಂದ ನಗು ಅಲ್ಲೇ ಕಾಯುತ್ತಿತ್ತು. "ಇದು ಹೇಗೆ ತಪ್ಪಿತು?"

ಹೇಗೆಂದು ಅವಳಿಗೆ ಗೊತ್ತಿತ್ತು. ಸಹಿಯಾದರೆ ಇವನು ಇನ್ನು ಬರುವುದಿಲ್ಲ. ಅವನು ಬರುತ್ತಿದ್ದ ಗುರುವಾರಗಳು ಮತ್ತೆ ಬರೀ ಗುರುವಾರಗಳಾಗುತ್ತವೆ.

ಪೆನ್ನು ತೆಗೆದು ಸಹಿ ಹಾಕಿದಳು. ನೋವಾಯಿತು. ಹೀಗೆ ನೋವಾಗಿ ಎಷ್ಟೋ ಕಾಲವಾಗಿತ್ತು.

"ಆಯ್ತು. ಇನ್ನು ನಿಮಗೆ ಇಲ್ಲಿ ಕೆಲಸ ಇಲ್ಲ."

"ಇಲ್ಲ," ಎಂದ. ಕುರ್ಚಿಯಿಂದ ಮಾತ್ರ ಏಳಲಿಲ್ಲ.

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಅದು ತಪ್ಪಿದ್ದಲ್ಲ. ನೀವು ಇನ್ನೊಂದು ಸಲ ಬರಬೇಕು ಅಂತ ಇತ್ತು ನನಗೆ. ಅಷ್ಟೇ."

ಅವನು ಹದಿನಾಲ್ಕನೇ ಪುಟದ ಅಂಚಿನ ಮೇಲೆ ಬೆರಳಿಟ್ಟ. "ಫೈಲ್ ವಾಪಸ್ ಬಂದ ದಿನವೇ ಆ ಪೆನ್ಸಿಲ್ ಗುರುತು ನೋಡಿದ್ದೆ. ಒಂದು ಫೋನ್ ಮಾಡಿದ್ರೆ ಮುಗಿದುಹೋಗ್ತಿತ್ತು. ಮಾಡಲಿಲ್ಲ."

"ಅಬ್ಬಬ್ಬಾ, ಇಬ್ಬರೂ ಸೇರಿ ಸರ್ಕಾರಿ ಫೈಲನ್ನ ಪ್ರೇಮಪತ್ರ ಮಾಡ್ಕೊಂಡಿದ್ದೀರಲ್ಲ!" ಟೈಪಿಸ್ಟ್ ಅಕ್ಕನಿಗೆ ತಡೆಯಲಾಗಲಿಲ್ಲ. "ಕೆಳಗೆ ಕ್ಯಾಂಟೀನ್ ಇದೆ, ಹೋಗಿ ಮಾತಾಡ್ರಪ್ಪ. ನನಗೆ ಟೈಪ್ ಮಾಡೋಕೆ ಬಿಡಿ."

ಕಾನೂನು ಅಧಿಕಾರಿಗೆ ನಗು ಬಂತು. ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ಇದನ್ನ ನಿರ್ದೇಶಕರ ಮೇಜಿಗೆ ಇಟ್ಟು ಬರ್ತೀನಿ," ಎಂದು ಫೈಲ್ ಎತ್ತಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಹೋಗ್ಬಿಡಬೇಡಿ."

"ಇಲ್ಲ," ಎಂದ ಅವನು, ಕುರ್ಚಿಯನ್ನು ಅವಳ ಮೇಜಿನ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡ.