ಎರವಲು ಮಗು

ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಏಳುವ ವಾಸನೆಯೇ ಒಡಿಲಿಯಾಳಿಗೆ ತವರಿನ ವಾಸನೆ. ಸಮುದ್ರದಾಚೆಯ ತವರೂರು ಮೋಕಾದಲ್ಲಿ ಅಪ್ಪನ ಕುಲುಮೆಯ ಪಕ್ಕದಲ್ಲೇ ಆಡಿ ಬೆಳೆದವಳು ಅವಳು. ನ್ಯೂಯಾರ್ಕಿಗೆ ಸೊಸೆಯಾಗಿ ಬಂದ ಮೇಲೂ ವೆಲ್ಡಿಂಗ್ ಕೆಲಸವನ್ನೇ ಹಿಡಿದಳು. ಆದರೆ ಅತ್ತೆ ಹಸಿಂತಾಗೆ ಆ ವಾಸನೆ ಕಂಡರಾಗದು.

“ಹೆಂಗಸಿನ ಮೈಲಿ ಹಾಲಿನ ವಾಸನೆ ಬರಬೇಕು. ಇವಳ ಮೈಲಿ ಬರೀ ಕಬ್ಬಿಣ! ಆರು ಹೆತ್ತಿದೀನಿ ನಾನು. ಈ ಮನೇಲಿ ಹತ್ತೊಂಬತ್ತು ವರ್ಷದಿಂದ ಒಂದು ತೊಟ್ಟಿಲು ತೂಗಿಲ್ಲ…” ಆ ಶನಿವಾರ ತಿಂಡಿಯ ಮುಂದೆ ಕೂತೇ ಅತ್ತೆ ಶುರುಮಾಡಿದಳು.

“ಇವತ್ತಾದ್ರೂ ಸುಮ್ನಿರಮ್ಮಾ,” ಎಂದ ಮಗ ಅನ್ಸೆಲ್ಮೊ. ಬಸ್ಸು ಓಡಿಸುವವನು, ಕೆಲಸಕ್ಕೆ ಹೊತ್ತಾಗಿತ್ತು. ಹೊರಡುವ ಮುನ್ನ ಹೆಂಡತಿಯ ಅಂಗಿಯ ಕಾಲರನ್ನು ಮೆಲ್ಲನೆ ಸರಿಮಾಡಿದ.

ಅಂದು ಬೀದಿಯ ಕೊನೆಯಲ್ಲಿ ಮಕ್ಕಳ ಆಟದ ಅಂಗಳ ತೆರೆಯುವ ದಿನ. ಅದರ ಗೇಟು, ಮಕ್ಕಳು ಹತ್ತಿ ಕುಣಿಯುವ ದೊಡ್ಡ ಕಬ್ಬಿಣದ ಆಮೆ, ಎರಡೂ ಒಡಿಲಿಯಾಳ ಕೈಯಿಂದ ಬಂದವು. ಮೂರು ತಿಂಗಳ ಕೆಲಸ! ಮಕ್ಕಳ ಮೊಣಕಾಲು ತರಚದಿರಲೆಂದು ಒಂದೊಂದು ಅಂಚನ್ನೂ ಬೆರಳಿಂದ ಸವರಿ ನೋಡಿದ್ದಳು. ಇನ್ನು ಮಕ್ಕಳು ಹತ್ತುವುದನ್ನು ಹತ್ತಿರದಿಂದ ನೋಡಬೇಕು, ಅಷ್ಟೇ ಅವಳ ಆಸೆ.

ಗೇಟಿನಲ್ಲಿ ಕಾವಲಿನ ಹುಡುಗಿ ಅವಳನ್ನು ತಡೆದಳು. ದೊಡ್ಡವರಿಗೆ ಮಕ್ಕಳ ಜೊತೆಯಲ್ಲಿ ಮಾತ್ರ ಪ್ರವೇಶ ಎಂದು ಪಕ್ಕದಲ್ಲೇ ಬೋರ್ಡಿತ್ತು. ಹಿಂದಿನವರಿಗೆ ಕೇಳದಂತೆ ಹುಡುಗಿ ಟೋಪಿ ತೆಗೆದು, ದನಿ ತಗ್ಗಿಸಿ ಕೇಳಿದಳು, “ಬೇಜಾರು ಮಾಡ್ಕೋಬೇಡಿ ಅಕ್ಕಾ… ಜೊತೇಲಿ ಮಗು ಇದೆಯಾ?”

ಮೊದಲೇ ಒಳಗೆ ಹೋಗಿದ್ದ ನಾದಿನಿ ನೂರಿಸ್ ತನ್ನ ಅವಳಿ ಹೆಣ್ಣುಮಕ್ಕಳನ್ನು ಎಳೆದುಕೊಂಡು ಓಡಿಬಂದಳು. “ಅತ್ತಿಗೇ, ನನ್ನ ಹತ್ರ ಎರಡಿವೆ, ಒಂದನ್ನ ಎರವಲು ತಗೊ! ಬೆಳಗಿಂದ ಎಲ್ರೂ ಹಾಗೇ ಮಾಡ್ತಿದಾರೆ. ಸಂಜೆ ಮೂಗು ಒರೆಸಿ ವಾಪಸ್ ಕೊಟ್ಟರಾಯ್ತು!”

“ಹಿಡ್ಕೊಂಡು ಬಾರೇ!” ಮೊಮ್ಮಕ್ಕಳ ಜೊತೆ ಒಳಗೆ ಹೋಗಿದ್ದ ಅತ್ತೆ ಅಲ್ಲಿಂದಲೇ ಗದರಿದಳು. “ಎಲ್ಲರ ಮುಂದೆ ಮಾನ ಕಳೀಬೇಡ. ‘ನನ್ನ ಮಗು’ ಅಂದ್ರೆ ನಾಲಿಗೆ ಸವೆಯುತ್ತಾ?”

ಒಡಿಲಿಯಾ ಬಗ್ಗಿ ಅವಳಿಗಳಲ್ಲಿ ಒಬ್ಬಳ ತಲೆ ನೇವರಿಸಿದಳು. ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ.

“ಮುದ್ದಿಗೆ ಇವಳ ಕೈ ಹಿಡೀತೀನಿ ಅತ್ತೆ, ಗೇಟು ದಾಟೋಕೆ ಹಿಡಿಯಲ್ಲ. ಮಗು ಏನು ಟಿಕೆಟ್ಟಾ? ಇಷ್ಟು ವರ್ಷ ನಿಮ್ಮ ಮಾತೆಲ್ಲ ನುಂಗಿದೀನಿ… ಆದ್ರೆ ಸುಳ್ಳು ಹೇಳಿ ಒಂದು ಗಳಿಗೆಗೂ ತಾಯಿ ಆಗಲ್ಲ!”

ಅವಳು ಹೊರಗಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಕಂಬಿಗಳಾಚೆ ಮಕ್ಕಳು ಆಮೆಯ ಬೆನ್ನೇರಿ ಕೇಕೆ ಹಾಕುತ್ತಿದ್ದರು. ಒಂದು ಮಗುವೂ ತರಚಿಕೊಳ್ಳಲಿಲ್ಲ.

ಮಧ್ಯಾಹ್ನ ಅವಳಿಗಳು ಕಾರಂಜಿಯಲ್ಲಿ ತೊಯ್ದು ತೊಪ್ಪೆಯಾದರು. ಬಟ್ಟೆ ಬದಲಿಸಲು ನೂರಿಸ್ ಇಬ್ಬರನ್ನೂ ಮನೆಗೆ ಕರೆದೊಯ್ದಳು. ಹಸಿಂತಾ ಅಂಗಳದೊಳಗೆ ನೆರಳಲ್ಲಿ ಕೂತೇ ಇದ್ದಳು. ಕಾವಲಿನ ಹುಡುಗಿ ಬಂದಳು.

“ಅಜ್ಜೀ, ನಿಮ್ಮ ಜೊತೆ ಮಗು?”

“ಮಗುವಾ? ಆರು ಹೆತ್ತಿದೀನಿ ಕಣೇ! ಹನ್ನೊಂದು ಮೊಮ್ಮಕ್ಕಳು!”

“ತುಂಬಾ ಸಂತೋಷ ಅಜ್ಜಿ. ಈಗ ಜೊತೇಲಿ ಯಾರಾದ್ರೂ ಇದಾರಾ?”

ಹಸಿಂತಾ ಸುತ್ತ ನೋಡಿದಳು. ಯಾರೂ ಇಲ್ಲ… ಆರು ಹೆತ್ತವಳಿಗೂ ಈ ಗಳಿಗೆಯಲ್ಲಿ ತೋರಿಸಲು ಒಂದು ಪುಟ್ಟ ಕೈ ಇಲ್ಲ! ಪಕ್ಕದ ತಾಯಿಯೊಬ್ಬಳು ಕರುಣೆಯಿಂದ, “ನನ್ನ ಮಗಳನ್ನ ನಿಮ್ಮ ಮೊಮ್ಮಗಳು ಅನ್ನಿ ಅಜ್ಜಿ,” ಎಂದು ಪಿಸುಗುಟ್ಟಿದಳು.

ಹಸಿಂತಾಳ ಕಣ್ಣು ಹೊರಗಿನ ಬೆಂಚಿನತ್ತ ಹೋಯಿತು.

“ಬೇಡಮ್ಮಾ. ನಮ್ಮನೇಲಿ ಎರವಲು ತರಲ್ಲ.”

ಎದ್ದು ಮೆಲ್ಲನೆ ನಡೆದಳು. ಗೇಟಿನ ಬಳಿ ನಿಂತು, ನುಣುಪಾದ ಕಂಬಿಯ ಮೇಲೆ ಅಂಗೈಯಾಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು, “ಈ ಗೇಟು ಯಾರು ಮಾಡಿದ್ದು ಗೊತ್ತೇನೇ ಹುಡುಗಿ? ನನ್ನ ಸೊಸೆ! ಅಲ್ಲಿ ರಾಣಿ ಹಾಗೆ ಕೂತಿದಾಳಲ್ಲ, ಅವಳೇ. ಆ ಆಮೇನೂ ಅವಳದ್ದೇ!”

ತಾಯಂದಿರೆಲ್ಲ ತಿರುಗಿ ನೋಡಿದರು. ಹುಡುಗಿ ಒಡಿಲಿಯಾಳತ್ತ ಟೋಪಿ ಎತ್ತಿ ನಕ್ಕಳು.

ಅತ್ತೆ ಬಂದು ಪಕ್ಕದಲ್ಲಿ ಕೂತಳು. ಒಡಿಲಿಯಾ ಸರಿದು ನೆರಳಿನ ಜಾಗ ಬಿಟ್ಟುಕೊಟ್ಟಳು.

“ನನ್ನನ್ನೂ ಹೊರಗೆ ಹಾಕಿದ್ಲು ಕಣೇ…” ಎಂದಳು ಅತ್ತೆ. ಚೀಲದಿಂದ ಡಬ್ಬಿ ತೆಗೆದಳು. ತೊಗರಿಕಾಳಿನ ಅನ್ನ, ಕರಿದ ಬಾಳೆಕಾಯಿ. ಚಮಚವನ್ನು ಕರವಸ್ತ್ರದಲ್ಲಿ ಎರಡು ಸಲ ಒರೆಸಿ, ಡಬ್ಬಿಯನ್ನು ಸೊಸೆಯ ಮಡಿಲಲ್ಲಿಟ್ಟಳು.