ಸೋತು ತೋರಿಸಬ್ಯಾಡ

ಫೈನಲ್ ಗೆದ್ದವಳು ವರದಾ. ಆದರೆ ಜಡ್ಜ್ ಅವಳ ಹೆಸರು ಕೂಗಿದಾಗ ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

ಬಳ್ಳಾರಿಯ ಆ ಹಾಲ್‌ನಲ್ಲಿ ಬೆಳಗಿನಿಂದ ಅರವತ್ತು ಜನ ಆಡಿದ್ದರು. ಇಸ್ಪೀಟಲ್ಲ, ದೈತ್ಯರು, ಮಂತ್ರಗಳ ಚಿತ್ರವಿರುವ ಕಾರ್ಡುಗಳ ಆಟ. ಗೆದ್ದ ಒಬ್ಬರಿಗೆ ವರ್ಲ್ಡ್ ಚಾಂಪಿಯನ್‌ಶಿಪ್ ಸೀಟು. ಕೊನೆಗೆ ಉಳಿದವರು ಹೈಸ್ಕೂಲಿನ ಗಣಿತದ ಟೀಚರ್ ವರದಾ ಮತ್ತು ಸಿರುಗುಪ್ಪ ಕಡೆಯ ದೇಶನೂರಿನಲ್ಲಿ ಭತ್ತ ಬೆಳೆಯುವ ಅಂಜಿನೇಯ.

ಎರಡು ವರ್ಷದಿಂದ ಪ್ರತಿ ಭಾನುವಾರ ಎದುರುಬದುರು ಕೂತು ಆಡಿದವರು ಅವರು. ಅವನು ಕಾರ್ಡಿನ ಮರೆಯಿಂದ ತನ್ನನ್ನೇ ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಜಡೆ ಮುಂದಕ್ಕೆಳೆದುಕೊಳ್ಳುವುದು ಅವಳಿಗೆ ಇಷ್ಟವಿತ್ತು.

ಇವತ್ತು ಅವನು ಇದ್ದಕ್ಕಿದ್ದಂತೆ "ನಾ ಸೋತೆ" ಎಂದು ಕೈಯಲ್ಲಿದ್ದ ಕಾರ್ಡುಗಳನ್ನು ಕೆಳಗಿಟ್ಟಿದ್ದ. ಅವುಗಳಲ್ಲೊಂದು ಮಗುಚಿ ಅವಳ ಕಣ್ಣಿಗೆ ಬಿತ್ತು. ಅದನ್ನು ಹಾಕಿದ್ದರೆ ಆಟ ಅವನದೇ.

ಹೊರಗೆ ಬೇವಿನ ಮರದ ಕೆಳಗೆ ಅವಳು ಅವನನ್ನು ತಡೆದಳು.

"ಬೇಕಂತ ಸೋತ್ರಿ, ಹೌದಿಲ್ಲೋ?"

"ನೀವು ಗೆದ್ರ ನನಗೂ ಖುಷಿರಿ."

"ನಾ ಭಿಕ್ಷಾ ಬೇಡಿದ್ನೇನು? ನಿಮ್ಮ ಖುಷಿಗೆ ನನ್ನ ಆಟ ಹಾಳು ಮಾಡಿದ್ರಿ!"

ಅವನು ಮುಗುಳ್ನಕ್ಕ. ಅದೇ ತಪ್ಪಾಯಿತು.

ಮರುದಿನ ಅವಳು ಸೀಟು ಬೇಡವೆಂದು ಸಂಘಟಕರಿಗೆ ಮೇಲ್ ಕಳಿಸಿದಳು. ನಿಯಮದಂತೆ ಸೀಟು ಎರಡನೆಯವನಿಗೆ ಹೋಯಿತು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಅಂಜಿನೇಯನ ಬೈಕು ಗೇಟಿನೆದುರು ನಿಂತಿತ್ತು. ಅವನ ಪ್ಯಾಂಟಿನ ಮೇಲೆ ಗದ್ದೆಯ ಕೆಸರು ಇನ್ನೂ ಹಸಿಯಾಗಿತ್ತು.

"ಯಾರು ಕೇಳಿದ್ರು ನಿನ್ನ? ನನಗ್ಯಾಕ ಕೊಟ್ಟಿ?"

ಮೊದಲ ಸಲ ಅವನು ಬಹುವಚನ ಬಿಟ್ಟಿದ್ದ.

"ಉರೀತೇನು?"

"ಹೂಂ. ಉರೀತೈತಿ!"

"ನನಗೂ ನಿನ್ನೆ ಹಿಂಗ ಉರೀತು."

ಅವನ ದನಿ ಇಳಿಯಿತು. "ನಿನ್ನ ಮಾರಿ ಸಪ್ಪಗಾಗೋದು ನೋಡಾಕ ಆಗಲಿಲ್ಲ. ತಪ್ಪಾತು."

"ನನ್ನ ಮ್ಯಾಲ ಪ್ರೀತಿ ಅದ ಅಂದ್ರ ಬಾಯಿಬಿಟ್ಟು ಹೇಳು. ಸೋತು ತೋರಿಸಬ್ಯಾಡ."

ಗೇಟಿನಲ್ಲಿ ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದರು. ಅವನು ಕತ್ತು ತಗ್ಗಿಸಲಿಲ್ಲ.

"ಐತಿ. ಭಾಳ ಐತಿ."

ಅವಳಿಗೆ ಒಳಗೊಳಗೇ ಹಿಗ್ಗಾಯಿತು, ಆದರೂ ಸಿಟ್ಟು ಇಳಿಯಲಿಲ್ಲ. "ಬರೋ ಭಾನುವಾರ ಹೈದರಾಬಾದಿನಾಗ ಸೀಟು ಕೊಡೋ ಕೊನೇ ಟೂರ್ನಮೆಂಟ್ ಅದ. ಅಲ್ಲೀತನಕ ದಿನಾ ನನ್ನ ಜೋಡಿ ಆಡು. ಕರುಣಾ ತೋರಿಸಿದ್ರ ಜನ್ಮದಾಗ ಮಾತಾಡಂಗಿಲ್ಲ."

ಅವನು ತೋರಿಸಲಿಲ್ಲ. ಐದು ದಿನದಲ್ಲಿ ಇಪ್ಪತ್ತು ಸಲ ಸೋಲಿಸಿದ. ಒಮ್ಮೆ ಅವಳು ಅಳು ತಡೆಯಲಾರದೆ ಕಾರ್ಡು ಎಸೆದಳು. ಅವನು ಒಂದೊಂದಾಗಿ ಆರಿಸಿಕೊಟ್ಟು, "ಇನ್ನೊಂದಾಟ" ಎಂದ. ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು.

ಹೈದರಾಬಾದಿನಲ್ಲಿ ಎಂಟು ಸುತ್ತು. ಫೈನಲ್ ಸೋತ ಎದುರಾಳಿ ಕೈ ಕುಲುಕಿ, "ಬಾಗಾ ಆಡಾರಂಡಿ" ಎಂದು ತೆಲುಗಿನಲ್ಲಿ ಅವಳ ಆಟ ಮೆಚ್ಚಿಕೊಂಡ. ವರದಾ ಕುರ್ಚಿಗಳ ಸಾಲು ದಾಟಿ, ಆಟ ನೋಡಲು ಜೊತೆಗೆ ಬಂದಿದ್ದ ಅಂಜಿನೇಯನ ಮುಂದೆ ನಿಂತಳು.

"ಈ ಸಲ ಯಾರೂ ಕೊಡ್ಲಿಲ್ಲ."

"ಹೂಂ. ಕಿತ್ಕೊಂಡು ಬಂದಿ."

ಅವಳು ಅವನ ಕೈ ಹಿಡಿದಳು, ಎಲ್ಲರೆದುರೇ. "ನಡಿ, ಬಳ್ಳಾರಿಗೆ ಹೋಗಿ ನಮ್ಮಪ್ಪಗ ಹೇಳೋಣ."

"ಇಬ್ಬರೂ ವರ್ಲ್ಡ್ ಚಾಂಪಿಯನ್‌ಶಿಪ್‌ಗೆ ಹೊಂಟೀವಿ ಅಂತೇನು?"

"ಅದನ್ನೂ ಹೇಳೋಣ."